ಪ್ರಭಾವಳಿಗೊಂದು ಆಡಿಟ್

"ಹೇಲೋ ಆಡೋಣ ಬಾ ಅಜ್ಜಾ" ಎಂದು ಮೊಮ್ಮಗ ಕರೆದಾಗ, ಫೋನಿನಲ್ಲಿ ಯಾರೋ ಕಾಯುತ್ತಿದ್ದಾರೆ ಎಂದುಕೊಂಡು ನಾನು ಕನ್ನಡಕ ಹುಡುಕಿದೆ. ಆಮೇಲೆ ತಿಳಿಯಿತು, ಅದು ಫೋನಿನ ಹಲೋ ಅಲ್ಲ, ವಿಡಿಯೋ ಗೇಮ್ ಒಂದರ ಹೆಸರು ಎಂದು. ನಿಘಂಟು ತೆಗೆದು ನೋಡಿದೆ. ಹೇಲೋ ಎಂದರೆ ಪ್ರಭಾವಳಿ. ದೇವರ ಮೂರ್ತಿಯ ಹಿಂದೆ ಇರುತ್ತದಲ್ಲ, ಅದೇ. ನಮ್ಮ ಸಾಗರದ ಮನೆಯಲ್ಲೂ ಒಂದು ಹಿತ್ತಾಳೆಯ ಪ್ರಭಾವಳಿ ಇದೆ. ಹಬ್ಬ ಬಂದರೆ ನನ್ನ ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆಳಗುತ್ತಿದ್ದಳು. ಅದರ ಮುಂದಿರುವ ಗಣಪತಿ ಹೆಬ್ಬೆರಳಿನಷ್ಟು. ಪ್ರಭಾವಳಿ ಮಾತ್ರ ಮೊಳದುದ್ದ!

ಈ ಸಲದ ಮಳೆಗಾಲದ ಮಾತು ಇದು. ಎಪ್ಪತ್ತು ದಾಟಿದ ಮೊಣಕಾಲುಗಳಿಗೆ ಮಲೆನಾಡಿನ ಜಡಿಮಳೆ ಆಗಿಬರುವುದಿಲ್ಲ. ಹಾಗಾಗಿ ಆಷಾಢ ಬಂತೆಂದರೆ ನಾನೂ ನನ್ನಾಕೆಯೂ ಊರ ಮನೆಗೆ ಬೀಗ ಹಾಕಿ ಬೆಂಗಳೂರಿನ ಮಗನ ಮನೆಗೆ ಬಂದು ಕೂರುತ್ತೇವೆ. ಮೊಮ್ಮಗ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಕಾಲೇಜು ಶುರುವಾಗುವುದನ್ನು ಕಾಯುತ್ತಿದ್ದ. ಮೊಮ್ಮಗಳು ಪುಟ್ಟಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು.

ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಗನಿಗೆ ಜಟಾಪಟಿ ಹತ್ತಿತು. "ಹೇಲೋನಂಥ ಗೇಮು ಹಿಂದೆ ಬಂದಿಲ್ಲ, ಮುಂದೆ ಬರೋದೂ ಇಲ್ಲ" ಎಂದ ನನ್ನ ಮಗ. "ಅದು ಓವರ್‌ರೇಟೆಡ್ ಅಪ್ಪ. ಸುಮ್ನೆ ಹೊಗಳಿ ಹೊಗಳಿ ಅಟ್ಟಕ್ಕೆ ಏರಿಸಿಬಿಟ್ಟಿದಾರೆ" ಎಂದ ಮೊಮ್ಮಗ. ಸಾರಿಗೆ ಉಪ್ಪು ಸಾಲದು ಎಂದು ಹೇಳಬೇಕೆಂದಿದ್ದ ನಾನು ಬಾಯಿ ಮುಚ್ಚಿಕೊಂಡೆ. ನಲವತ್ತಾರು ವರ್ಷದ ನನ್ನ ಮಗ ಒಂದು ಆಟದ ಸಲುವಾಗಿ ಮುಖ ಕೆಂಪು ಮಾಡಿಕೊಂಡದ್ದನ್ನು ನಾನು ಎಂದೂ ನೋಡಿರಲಿಲ್ಲ.

ಕೊನೆಗೆ ಮೊಮ್ಮಗನೇ ಪರಿಹಾರ ಸೂಚಿಸಿದ. "ಅಜ್ಜ ಆಡ್ಲಿ. ಅಜ್ಜಂಗೆ ಅಪ್ಪನ ಥರ ಹಳೇ ಪ್ರೀತಿನೂ ಇಲ್ಲ, ನನ್ನ ಥರ ಸಿಟ್ಟೂ ಇಲ್ಲ. ಬ್ಯಾಂಕಲ್ಲಿ ಲೆಕ್ಕ ನೋಡಿದವ್ರು ತಾನೇ? ಆಡಿಟ್ ಮಾಡ್ಲಿ."

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಆಡಿಟರ್ ಆಗಬೇಕೆಂಬ ಆಸೆ ಬಿ.ಕಾಂ. ಓದುವಾಗ ಇತ್ತು, ಆಗಲಿಲ್ಲ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಆ ಹುದ್ದೆ ತಾನಾಗಿ ಬಂದಾಗ ಬಿಡುವುದುಂಟೇ? ಒಂದು ಇನ್ನೂರು ಪುಟದ ನೋಟ್‌ಬುಕ್ ತರಿಸಿಕೊಂಡೆ. ಎಡಗಡೆ ಪುಟಕ್ಕೆ ಡೆಬಿಟ್, ಬಲಗಡೆ ಪುಟಕ್ಕೆ ಕ್ರೆಡಿಟ್ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮೊದಲು ಕಡತ ಪರಿಶೀಲನೆ. ಹೇಲೋದ ಜಾತಕ ಹೀಗಿದೆ. ಇದನ್ನು ಮಾಡಿದ್ದು ಅಮೆರಿಕದ ಬಂಜಿ ಎಂಬ ಕಂಪನಿ. 1999ರಲ್ಲಿ ಇದನ್ನು ಮೊದಲ ಬಾರಿ ವೇದಿಕೆಯ ಮೇಲೆ ಜನರಿಗೆ ಪರಿಚಯಿಸಿದವರು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್. ಆದರೆ ಮರುವರ್ಷವೇ ಬಂಜಿ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. ನಿಶ್ಚಿತಾರ್ಥ ಒಂದು ಮನೆಯಲ್ಲಿ, ಧಾರೆ ಇನ್ನೊಂದು ಮನೆಯಲ್ಲಿ! 2001ರ ನವೆಂಬರ್ 15ರಂದು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಹೇಲೋ ಅದೇ ದಿನ ಅದರ ಜೊತೆಗೇ ಬಂತು. ವಿಮರ್ಶಕರು ಕೊಟ್ಟ ಅಂಕಗಳನ್ನೆಲ್ಲ ಕಲೆಹಾಕಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬ ಜಾಲತಾಣವಿದೆ. ಅಲ್ಲಿ ಹೇಲೋಗೆ ನೂರಕ್ಕೆ 97 ಅಂಕ.

ನೂರಕ್ಕೆ 97! ನನ್ನ ಬಿ.ಕಾಂ. ಅಂಕಪಟ್ಟಿಯನ್ನು ನೆನೆದು ಸುಮ್ಮನಾದೆ.

ಡಬ್ಬಿಯ ಮೇಲೆ ಇನ್ನೊಂದು ವಿಷಯವಿತ್ತು. ಹದಿನೇಳು ತುಂಬಿದವರಿಗೆ ಮಾತ್ರ ಎಂಬ ಗುರುತು. ಗುಂಡು, ರಕ್ತ, ಎಲ್ಲ ಇರುವ ಆಟ. ಮೊಮ್ಮಗನಿಗೆ ಹದಿನೆಂಟು, ನನಗೆ ಎಪ್ಪತ್ತನಾಲ್ಕು, ಇಬ್ಬರೂ ಪಾಸು. ಪುಟ್ಟಿ ಫೇಲು. ಅವಳು ಮುಖ ಊದಿಸಿಕೊಂಡು, "ಹಾಗಾದ್ರೆ ದಿನಾ ರಾತ್ರಿ ನಂಗೆ ಕಥೆ ಹೇಳ್ಬೇಕು" ಎಂದು ಕರಾರು ಹಾಕಿದಳು. ಒಪ್ಪಿದೆ.

ಸರಿ, ಆಟ ಶುರುವಾಯಿತು. ಟಿವಿಯ ಪರದೆ ಮೇಲೊಂದು ಕೆಳಗೊಂದು ಎಂದು ಎರಡು ಹೋಳಾಯಿತು. ಮೇಲಿನದು ಮೊಮ್ಮಗನದು, ಕೆಳಗಿನದು ನನ್ನದು. ಕೈಗೊಂದು ಕಂಟ್ರೋಲರ್ ಕೊಟ್ಟ. ಎಡಗೈ ಹೆಬ್ಬೆರಳಿನ ಕಡ್ಡಿ ನಡೆಯಲು, ಬಲಗೈ ಹೆಬ್ಬೆರಳಿನ ಕಡ್ಡಿ ತಲೆ ತಿರುಗಿಸಲು. ಮೊದಲ ಅರ್ಧ ಗಂಟೆ ನಾನು ಆಕಾಶ ನೋಡುತ್ತಾ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾ ನಡೆದೆ. ಎರಡು ಬಾರಿ ಮೊಮ್ಮಗನ ಬೆನ್ನಿಗೇ ಗುಂಡು ಹಾರಿಸಿದೆ. "ಅಜ್ಜಾ, ನಾನು ನಮ್ಮ ಕಡೆಯವ್ನು!" ಎಂದು ಅವನು ಕೂಗಿಕೊಂಡ. ತಲೆ ಗಿರ್ರೆಂದು ತಿರುಗಿ, ನಿಂಬೆಹಣ್ಣಿನ ಪಾನಕ ಕುಡಿದು ಮಲಗಿದೆ. ಮೂರನೇ ದಿನದ ಹೊತ್ತಿಗೆ ಕೈ ಹಿಡಿತಕ್ಕೆ ಬಂತು. ಕಷ್ಟದ ನಾಲ್ಕು ಮಟ್ಟಗಳಲ್ಲಿ ನಮ್ಮದು ಅತಿ ಸುಲಭದ್ದು ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಪುಟ್ಟಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಕಾಲ 2552ನೇ ಇಸವಿ. ಕವೆನೆಂಟ್ ಎಂಬ ಅನ್ಯಲೋಕದವರ ಕೂಟ ಮನುಷ್ಯರ ಮೇಲೆ ಯುದ್ಧ ಹೂಡಿದೆ. ಪಿಲ್ಲರ್ ಆಫ್ ಆಟಮ್ ಎಂಬ ಮನುಷ್ಯರ ಹಡಗು ತಪ್ಪಿಸಿಕೊಂಡು ಓಡುತ್ತಾ ಬಂದು, ಆಕಾಶದಲ್ಲಿ ತೇಲುವ ಒಂದು ಬೃಹತ್ ಉಂಗುರದ ಹತ್ತಿರ ತಲುಪುತ್ತದೆ. ಆ ಉಂಗುರವೇ ಹೇಲೋ. ಅದರ ವ್ಯಾಸ 10,000 ಕಿಲೋಮೀಟರ್. ಒಳಮೈಯಲ್ಲಿ ಹುಲ್ಲು, ಹೊಳೆ, ಬೆಟ್ಟ, ಸಮುದ್ರ ಎಲ್ಲ ಇದೆ. ನಾಯಕ ಮಾಸ್ಟರ್ ಚೀಫ್ ಹಸಿರು ಕವಚ ತೊಟ್ಟ ಸೈನಿಕ. ಅವನ ತಲೆಯೊಳಗೆ ಕೂತು ದಾರಿ ಹೇಳುವವಳು ಕೊರ್ಟಾನಾ ಎಂಬ ಕಂಪ್ಯೂಟರ್ ಬುದ್ಧಿ. ಮುಂದೆ ಮೈಕ್ರೋಸಾಫ್ಟ್ ತನ್ನ ಮಾತಾಡುವ ಸಹಾಯಕಿಗೆ ಇದೇ ಹೆಸರಿಟ್ಟಿತು.

ಅರ್ಧ ಕಥೆ ಆದಮೇಲೆ ಗೊತ್ತಾಗುತ್ತದೆ, ಈ ಉಂಗುರ ಸುಮ್ಮನೆ ಕಟ್ಟಿದ್ದಲ್ಲ ಎಂದು. ಫ್ಲಡ್ ಎಂಬ ಭಯಂಕರ ಪರಾವಲಂಬಿ ಜೀವಿ ಅದರೊಳಗೆ ಬಂಧಿಯಾಗಿದೆ. ಅದು ಯೋಚಿಸುವ ಪ್ರಾಣಿಗಳ ಮೈಹೊಕ್ಕು ಬೆಳೆಯುವಂಥದು. ಅದು ಹೊರಬಿದ್ದರೆ ತಡೆಯಲು ಈ ಉಂಗುರವೇ ಅಸ್ತ್ರ. ಆದರೆ ಅಸ್ತ್ರ ಫ್ಲಡ್ಡನ್ನು ಕೊಲ್ಲುವುದಿಲ್ಲ. ಅದಕ್ಕೆ ಆಹಾರವಾಗುವ ಯೋಚಿಸುವ ಜೀವಿಗಳನ್ನೆಲ್ಲ ಕೊಲ್ಲುತ್ತದೆ! ಈ ಗುಟ್ಟನ್ನು ಮುಚ್ಚಿಟ್ಟು, ನಮ್ಮ ಕೈಯಿಂದಲೇ ಅಸ್ತ್ರದ ಬೀಗದ ಕೈ ತರಿಸುವವನು 343 ಗಿಲ್ಟಿ ಸ್ಪಾರ್ಕ್ ಎಂಬ ಹಾಡು ಗುನುಗುವ ಪುಟ್ಟ ಯಂತ್ರ.

"ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ" ಎಂದಳು ಪುಟ್ಟಿ. ಅಜ್ಜಿ ಹೇಳಿಕೊಟ್ಟ ಗಾದೆ. ಆಟ ಬರೆದವರೂ ಇಷ್ಟು ಚುಟುಕಾಗಿ ಹೇಳಿರಲಾರರು.

ಈಗ ಲೆಕ್ಕಕ್ಕೆ ಬರೋಣ. ಮೊದಲು ಬಲಗಡೆ ಪುಟ, ಕ್ರೆಡಿಟ್. ಒಳ್ಳೆಯದನ್ನು ಮೊದಲು ಬರೆಯುವುದು ನ್ಯಾಯ.

ಎರಡನೇ ಘಟ್ಟದಲ್ಲಿ ಪುಟ್ಟ ದೋಣಿಯಂಥ ವಾಹನದಲ್ಲಿ ಉಂಗುರದ ಮೇಲೆ ಬಿದ್ದು ಹೊರಗೆ ಬರುತ್ತೇವೆ. ಹುಲ್ಲು, ಜಲಪಾತ. ತಲೆ ಎತ್ತಿದರೆ, ನಾವು ನಿಂತ ನೆಲವೇ ದೂರದಲ್ಲಿ ಮೇಲಕ್ಕೆ ಬಾಗಿ, ಆಕಾಶಕ್ಕೆ ಏರಿ, ನೆತ್ತಿಯ ಮೇಲೆ ಹಾದು, ಬೆನ್ನ ಹಿಂದೆ ಇಳಿದು ಬರುತ್ತದೆ. ನಾನು ಆಟ ಮರೆತು ನೋಡುತ್ತಾ ನಿಂತುಬಿಟ್ಟೆ. ಶತ್ರು ಬಂದು ನನ್ನನ್ನು ಮುಗಿಸಿದ. ಬೇಸರವಾಗಲಿಲ್ಲ. ಜೊತೆಗೆ ಸನ್ಯಾಸಿಗಳು ಒಟ್ಟಾಗಿ ಹಾಡಿದಂಥ ಗಂಭೀರ ಸಂಗೀತ.

ಶತ್ರುಗಳೂ ದಡ್ಡರಲ್ಲ. ಗ್ರಂಟ್ ಎಂಬ ಕುಳ್ಳರಿದ್ದಾರೆ, ಎಲೀಟ್ ಎಂಬ ಎತ್ತರದ ನಾಯಕರಿದ್ದಾರೆ. ಎಲೀಟ್ ಬಿದ್ದನೋ, ಗ್ರಂಟ್‌ಗಳು ಕೈ ಮೇಲೆತ್ತಿ ಬೊಬ್ಬೆ ಹಾಕುತ್ತಾ ಓಡುತ್ತವೆ. ಮ್ಯಾನೇಜರ್ ರಜೆ ಹಾಕಿದ ದಿನದ ನಮ್ಮ ಶಾಖೆ ನೆನಪಾಯಿತು. ಬಂದೂಕು ಎರಡೇ ಇಟ್ಟುಕೊಳ್ಳಬಹುದು. ಮೂರನೆಯದು ಬೇಕಾದರೆ ಒಂದನ್ನು ಕೆಳಗಿಡಬೇಕು. ಮೈಸುತ್ತ ಒಂದು ರಕ್ಷಾಕವಚ. ಏಟು ತಿಂದು ಅದು ಖಾಲಿಯಾದರೆ ಬಂಡೆಯ ಮರೆಗೆ ಸರಿದು ಕೆಲವು ಕ್ಷಣ ಸುಮ್ಮನಿದ್ದರೆ ತಾನಾಗಿ ತುಂಬುತ್ತದೆ. ಈ ಉಪಾಯ ಮುಂದೆ ಎಷ್ಟೋ ಆಟಗಳಲ್ಲಿ ಬಂತಂತೆ. ಮೊಣಕಾಲು ನೋವಿನವರಿಗೆ ಇಂಥದ್ದೊಂದು ಸಿಕ್ಕರೆ ಎಂದುಕೊಂಡೆ.

ನಾಲ್ಕನೇ ಘಟ್ಟ ಒಂದು ದ್ವೀಪ. ಕಡಲತೀರದಲ್ಲಿ ಇಳಿಸುತ್ತಾರೆ. ಜೀಪಿನಲ್ಲಿ ಎಡಕ್ಕೆ ಹೋಗು, ಬಲಕ್ಕೆ ಹೋಗು, ನಿನ್ನಿಷ್ಟ. ಮೊಮ್ಮಗ ಜೀಪು ಓಡಿಸಿದ, ನಾನು ಹಿಂದೆ ಕೂತೆ. ಆ ಸಂಜೆ ನನಗೆ ಹೇಲೋಗೆ 97 ಕೊಟ್ಟವರ ಮೇಲೆ ಏನೂ ತಕರಾರಿರಲಿಲ್ಲ.

ಇನ್ನೊಂದು ಸಂಗತಿ. ಇಬ್ಬರು ಆಡುವಾಗ ನಾನು ಸತ್ತರೆ ಆಟ ಮುಗಿಯುವುದಿಲ್ಲ. ಮೊಮ್ಮಗ ಗುಂಡಿನಿಂದ ದೂರ ಸರಿದು ಸುರಕ್ಷಿತ ಜಾಗದಲ್ಲಿ ನಿಂತರೆ, ನಾನು ಅವನ ಪಕ್ಕದಲ್ಲೇ ಮತ್ತೆ ಎದ್ದು ನಿಲ್ಲುತ್ತೇನೆ. "ಇರು ಅಜ್ಜಾ, ಬಂದೆ, ಒಂದು ನಿಮಿಷ" ಎಂದು ಅವನು ಓಡಿಹೋಗಿ ಮೂಲೆ ಹುಡುಕುತ್ತಿದ್ದ. ಇದನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕೋ ತಿಳಿಯದೆ, ಆಗ ನೋಟ್‌ಬುಕ್ಕಿನಲ್ಲಿ ಬರೆಯದೇ ಬಿಟ್ಟೆ.

ಇನ್ನು ಎಡಗಡೆ ಪುಟ.

ಐದನೇ ಘಟ್ಟದಿಂದ ನನಗೆ ಅನುಮಾನ ಶುರುವಾಯಿತು. ಒಂದು ಕೋಣೆ, ಒಂದು ಸೇತುವೆ, ಒಂದು ಹಿಮದ ಕಣಿವೆ. ಮತ್ತೆ ಅಂಥದೇ ಕೋಣೆ, ಅಂಥದೇ ಸೇತುವೆ. "ಇಲ್ಲಿಗೆ ಆಗ್ಲೇ ಬಂದಿದ್ವಲ್ಲೋ?" ಎಂದೆ. "ಇಲ್ಲ ಅಜ್ಜಾ, ಇದು ಬೇರೆ. ಅದೇ ಥರ ಇದೆ ಅಷ್ಟೆ" ಎಂದ. ಏಳನೆಯದು ಲೈಬ್ರರಿ ಎಂಬ ಘಟ್ಟ. ಗ್ರಂಥಾಲಯ ಎಂದರೆ ನನಗೆ ಪ್ರೀತಿ, ಉತ್ಸಾಹದಿಂದ ಹೊರಟೆ. ಅಲ್ಲಿ ಒಂದು ಪುಸ್ತಕವಿಲ್ಲ! ಕತ್ತಲೆಯ ದೊಡ್ಡ ಪಡಸಾಲೆ, ಬಾಗಿಲು ತೆರೆಯುವವರೆಗೆ ಕಾಯಬೇಕು, ಕಾಯುವಾಗ ಫ್ಲಡ್ ಅಲೆಅಲೆಯಾಗಿ ಬರುತ್ತದೆ, ಹೊಡೆಯಬೇಕು. ಮುಂದೆ ಅಂಥದೇ ಪಡಸಾಲೆ. ಲಿಫ್ಟ್ ಹತ್ತಿ ಮೇಲಿನ ಮಹಡಿಗೆ ಹೋದರೆ ಅಲ್ಲೂ ಅಂಥದೇ. ಎಲ್ಲ ಒಂದೇ ಥರ ಇದ್ದರೆ ಆಡುವವನು ದಾರಿ ತಪ್ಪದಿರುತ್ತಾನೆಯೇ? ಅದಕ್ಕೆ ನೆಲದ ಮೇಲೆ ಬಾಣದ ಗುರುತು ಬೇರೆ ಹಾಕಿದ್ದಾರೆ. ಸರಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆ ಹುಡುಕಿದ ಹಾಗೆ ಬಾಣ ಹಿಡಿದು ನಡೆದೆ. ಮೂರು ಸಂಜೆ ಅದರಲ್ಲೇ ಹೋಯಿತು.

ಲೆಡ್ಜರಿನವನ ಕಣ್ಣು ಹಾಳೆ ತಿರುಗಿಸಿ ತಾಳೆ ನೋಡದೆ ಬಿಡದು. ಈ ಆಟದಲ್ಲಿ ಒಟ್ಟು 10 ಘಟ್ಟ. ಎಂಟನೆಯದರಲ್ಲಿ ಐದನೆಯದರ ದಾರಿಯಲ್ಲೇ ವಾಪಸು ನಡೆಸುತ್ತಾರೆ. ಒಂಬತ್ತನೆಯದು ಮೂರನೆಯದರಲ್ಲಿ ಹತ್ತಿದ್ದ ಶತ್ರುಗಳ ಹಡಗಿಗೇ ಮತ್ತೆ ಕರೆದೊಯ್ಯುತ್ತದೆ. ಹತ್ತನೆಯದು ಮೊದಲನೆಯದರ ಹಡಗು, ಈಗ ಅಪ್ಪಳಿಸಿ ಬಿದ್ದಿದೆ. ಅಂದರೆ ಕೊನೆಯ ಮೂರೂ ಘಟ್ಟಗಳು ಹಳೆಯ ಜಾಗಗಳೇ. ಬೆಳಕು ಬದಲಾಗಿದೆ, ಶತ್ರುಗಳು ಬದಲಾಗಿದ್ದಾರೆ, ಜೀಪಿನಲ್ಲಿ ಓಡುವ ಕೊನೆಯ ಓಟ ರೋಚಕವಾಗಿಯೇ ಇದೆ. ಆದರೂ ಇದಕ್ಕೆ ನಮ್ಮ ಭಾಷೆಯಲ್ಲಿ ಕ್ಯಾರಿ ಫಾರ್ವರ್ಡ್ ಎನ್ನುತ್ತಾರೆ, ಹೊಸ ಜಮಾ ಎನ್ನುವುದಿಲ್ಲ. ಕಾಗದ ಪೆನ್ನು ತೆಗೆದು ಗುಣಿಸಿದೆ. ವ್ಯಾಸ 10,000 ಕಿ.ಮೀ. ಆದರೆ ಸುತ್ತಳತೆ ಸುಮಾರು 31,400 ಕಿ.ಮೀ. ಅಷ್ಟು ದೊಡ್ಡ ಊರು ಕಟ್ಟಿಟ್ಟುಕೊಂಡು ನಮ್ಮನ್ನು ಅದೇ ಓಣಿಯಲ್ಲಿ ಎರಡೆರಡು ಸಲ ನಡೆಸಬೇಕೇ ಸ್ವಾಮಿ?

ಆ ರಾತ್ರಿ ಪುಟ್ಟಿಗೆ ಎಂಟನೇ ಘಟ್ಟದ ಕಥೆ ಹೇಳಿದಾಗ ಅವಳು, "ಹೋದ ದಾರೀಲೇ ವಾಪಸ್ ಬಂದ್ರೆ ಕಥೆ ಹೇಗಾಗುತ್ತೆ ಅಜ್ಜಾ? ಹಾಲು ತರಕ್ಕೆ ಹೋಗಿ ಬಂದ ಹಾಗಾಯ್ತು" ಎಂದಳು. ಆಮೇಲೆ, "ಮಾಸ್ಟರ್ ಚೀಫ್ ಮುಖ ಹೇಗಿದೆ?" ಎಂದು ಕೇಳಿದಳು. ಆಟ ಮುಗಿದರೂ ಅವನು ನಮಗೆ ಮುಖ ತೋರಿಸುವುದಿಲ್ಲ. ಮಾತೂ ಕಡಿಮೆ. ಅವನಿಗೆ ಭಯವಿದೆಯೇ, ಮನೆಯವರ ನೆನಪಿದೆಯೇ, ಒಂದೂ ತಿಳಿಯದು. ಕಥೆಯ ತಿರುವು ಚೆನ್ನಾಗಿದೆ, ನಾಯಕ ಮಾತ್ರ ಅಂಗಡಿ ಮುಂದಿನ ಗೊಂಬೆ.

ಹೊಗಳಿಕೆಯಲ್ಲೂ ಕೆಲವು ತಪ್ಪು ನಮೂದುಗಳು ಸಿಕ್ಕವು. ಉಂಗುರದ ಲೋಕ ಹೇಲೋದ್ದೇ ಕಲ್ಪನೆ ಎನ್ನುವವರಿದ್ದಾರೆ. ಲ್ಯಾರಿ ನಿವೆನ್ ಎಂಬ ಅಮೆರಿಕದ ಲೇಖಕರು ಉಂಗುರದಾಕಾರದ ಲೋಕವನ್ನು ಕಲ್ಪಿಸಿ 'ರಿಂಗ್‌ವರ್ಲ್ಡ್' ಕಾದಂಬರಿ ಬರೆದದ್ದು 1970ರಲ್ಲಿ. ಟಿವಿಗೆ ಜೋಡಿಸುವ ಪೆಟ್ಟಿಗೆಯಲ್ಲಿ ಇಂಥ ಬಂದೂಕಿನ ಆಟವನ್ನು ಚೆನ್ನಾಗಿ ಆಡಬಹುದು ಎಂದು ತೋರಿಸಿದ್ದೇ ಹೇಲೋ ಎನ್ನುವವರಿದ್ದಾರೆ. 1997ರಲ್ಲೇ ನಿಂಟೆಂಡೊದವರ ಪೆಟ್ಟಿಗೆಗೆ ಗೋಲ್ಡನ್‌ಐ ಎಂಬ ಆಟ ಬಂದು, ಪರದೆಯನ್ನು ನಾಲ್ಕು ಹೋಳು ಮಾಡಿ ನಾಲ್ವರನ್ನು ಒಟ್ಟಿಗೆ ಆಡಿಸಿತ್ತು. ಸಾಲ ಪಡೆಯುವುದು ತಪ್ಪಲ್ಲ. ಬ್ಯಾಂಕಿನವನಾಗಿ ಅದನ್ನು ತಪ್ಪು ಎಂದರೆ ನನ್ನ ಪಿಂಚಣಿಗೆ ಅವಮಾನ. ಆದರೆ ಸಾಲದ ಹಣವನ್ನು ಸ್ವಂತ ಗಳಿಕೆ ಎಂದು ಬರೆಯಬಾರದು.

ಒಂದು ಭಾನುವಾರ ಮನೆಮಂದಿಯೆಲ್ಲ ಸೇರಿದಾಗ ವರದಿ ಓದಿದೆ. ಐದು ವಿಷಯ, ತಲಾ 20 ಅಂಕ. ನೋಟ ಮತ್ತು ಸಂಗೀತಕ್ಕೆ 18. ಕೈಗೆ ಒಗ್ಗುವ ಗುಣಕ್ಕೆ 18. ಶತ್ರುಗಳ ಬುದ್ಧಿಗೆ 17. ಕಥೆಗೆ 16. ಜಾಗಗಳ ಹೊಸತನಕ್ಕೆ 10. ಒಟ್ಟು 79.

ಮೊಮ್ಮಗ ನಕ್ಕುಬಿಟ್ಟ. "ಅಜ್ಜಾ, 97 ಅನ್ನೋದನ್ನ ತಿರುಗಿಸಿ ಬರೆದಿದೀಯಲ್ಲ!"

ನನಗೂ ಆಗಲೇ ಹೊಳೆದದ್ದು. ಮಕ್ಕಳೇ, ನಿಮಗೊಂದು ಹಳೆಯ ಗುಮಾಸ್ತರ ಗುಟ್ಟು ಹೇಳುತ್ತೇನೆ. ಕಂಪ್ಯೂಟರ್ ಬರುವ ಮೊದಲು ನಾವು ಲೆಡ್ಜರ್ ತಾಳೆ ನೋಡುವಾಗ ವ್ಯತ್ಯಾಸ ಬಂದರೆ, ಮೊದಲು ಅದನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷವಿಲ್ಲದೆ ಭಾಗವಾದರೆ, ಯಾರೋ ಅಂಕಿಗಳನ್ನು ಅದಲುಬದಲು ಮಾಡಿ ಬರೆದಿರಬೇಕು ಎಂಬ ಅನುಮಾನ. 54 ಬರೆಯುವಲ್ಲಿ 45, ವ್ಯತ್ಯಾಸ 9. 82 ಬರೆಯುವಲ್ಲಿ 28, ವ್ಯತ್ಯಾಸ 54. ನೀವೂ ಮಾಡಿ ನೋಡಿ, ಯಾವ ಎರಡಂಕಿ ತೆಗೆದುಕೊಂಡರೂ ಹಾಗೇ ಬರುತ್ತದೆ. ಇಲ್ಲಿ 97ರಲ್ಲಿ 79 ಕಳೆದರೆ 18. ಆದರೆ ನಾನು ಅಂಕಿ ತಿರುಗಿಸಿರಲಿಲ್ಲ. ಮತ್ತೆ ಕೂಡಿಸಿದೆ, 79ಏ ಬಂತು. ಹಾಗಾದರೆ ಆ 18 ಅಂಕ ಎಲ್ಲಿಂದ ಬಂತು?

"ನೋಡಿದ್ಯಾ ಅಪ್ಪ, ನಾನು ಹೇಳ್ಲಿಲ್ವಾ? ಓವರ್‌ರೇಟೆಡ್ಡೇ" ಎಂದು ಮೊಮ್ಮಗ ಬೀಗಿದ. ಆಡಿಟರ್ ಇಬ್ಬರನ್ನೂ ಬಿಡಬಾರದು. "ನೀನು ಇದಕ್ಕೆ ಮುಂಚೆ ಎಷ್ಟು ಘಟ್ಟ ಆಡಿದ್ದೆ?" ಎಂದು ಕೇಳಿದೆ. ತಲೆ ಕೆರೆದುಕೊಂಡ. ಎರಡು. ಉಳಿದದ್ದು ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದು. ಯಾರೋ ಹೊಗಳಿದರೆಂದು ನಾವೂ ಹೊಗಳುವುದು, ಯಾರೋ ತೆಗಳಿದರೆಂದು ನಾವೂ ತೆಗಳುವುದು, ಎರಡೂ ವೋಚರ್ ನೋಡದೆ ಹಾಕಿದ ಸಹಿ. ಅವನು ಒಪ್ಪಿಕೊಂಡ. ಒಳ್ಳೆಯ ಹುಡುಗ.

ನನ್ನ ಮಗ ಮಾತ್ರ ಏನೂ ಹೇಳಲಿಲ್ಲ. "ಲೈಬ್ರರಿ ಬಗ್ಗೆ ಏನು ಬರ್ದಿದೀರಿ ಅಪ್ಪ?" ಎಂದು ಕೇಳಿದ. ಓದಿದೆ. 'ಈ ಘಟ್ಟ ಪೂರ್ತಿ ತೆಗೆದುಹಾಕಿದ್ದರೂ ಯಾರಿಗೂ ನಷ್ಟವಿರಲಿಲ್ಲ.' ಅವನು ಎದ್ದು ಹೋದ.

ಅಂದು ರಾತ್ರಿ ನಿದ್ದೆ ಬರದೆ ನೀರು ಕುಡಿಯಲು ಎದ್ದೆ. ಹಾಲಿನಲ್ಲಿ ಟಿವಿ ಉರಿಯುತ್ತಿತ್ತು, ಶಬ್ದವಿರಲಿಲ್ಲ. ಮಗ ಒಬ್ಬನೇ ಕೂತು ಹೇಲೋ ಆಡುತ್ತಿದ್ದ. ಈ ಆಟವನ್ನು ಹತ್ತು ವರ್ಷದ ನಂತರ, 2011ರಲ್ಲಿ, ಹೊಸ ಚಿತ್ರಗಳನ್ನು ತೊಡಿಸಿ ಮತ್ತೆ ಹೊರತಂದಿದ್ದಾರೆ. ಒಂದು ಗುಂಡಿ ಒತ್ತಿದರೆ ಹೊಸ ಚಿತ್ರ ಮಾಯವಾಗಿ ಅದೇ ಜಾಗ 2001ರ ಹಳೆಯ ಚಿತ್ರದಲ್ಲಿ ಕಾಣುತ್ತದೆ. ಅವನು ಗುಂಡಿ ಒತ್ತಿ ಹಳೆಯದನ್ನೇ ಇಟ್ಟುಕೊಂಡಿದ್ದ. ಅದು ಲೈಬ್ರರಿ.

ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ, ಪರದೆಯಿಂದ ಕಣ್ಣು ತೆಗೆಯದೆ ಅವನೇ ಶುರು ಮಾಡಿದ.

2002ರ ಆಗಸ್ಟಿನಲ್ಲಿ ಅವನು ಓದಲು ಅಮೆರಿಕಕ್ಕೆ ಹೋದದ್ದು. ಒಂದು ಮನೆಯಲ್ಲಿ ನಾಲ್ವರು ಹುಡುಗರು. ಚಳಿಗಾಲದಲ್ಲಿ ನಾಲ್ವರೂ ದುಡ್ಡು ಹಾಕಿ ಯಾರೋ ಮಾರುತ್ತಿದ್ದ ಹಳೆಯ ಎಕ್ಸ್‌ಬಾಕ್ಸ್ ಕೊಂಡಿದ್ದರಂತೆ. ನನಗೆ ಹೇಳಿರಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆ. 2003ರ ಫೆಬ್ರವರಿಯಲ್ಲಿ ನನ್ನ ಅಮ್ಮ ತೀರಿಕೊಂಡಳು. ಅವನನ್ನು ಎತ್ತಿ ಆಡಿಸಿದವಳು, ಶಾಲೆಗೆ ಹೊರಡುವಾಗ ತಲೆ ಬಾಚಿ ಕಳಿಸಿದವಳು ಅವಳೇ. ನಾನು ಫೋನ್ ಮಾಡಿ, "ಅಜ್ಜಿ ಹೋದ್ಲು. ನೀನು ಬರೋದು ಬೇಡ. ಟಿಕೆಟ್‌ಗೆ ಬಹಳ ಆಗುತ್ತೆ, ಪರೀಕ್ಷೆ ಇದೆ. ಇಲ್ಲಿ ಎಲ್ಲ ನಾವು ನೋಡ್ಕೋತೀವಿ" ಎಂದಿದ್ದೆ. ಅವನು ಏನೋ ಹೇಳಲು ಹೊರಟ. "ಬಿಲ್ ಬರುತ್ತೆ, ಇಡ್ತೀನಿ" ಎಂದು ಇಟ್ಟುಬಿಟ್ಟೆ. ಆ ಕಾಲದಲ್ಲಿ ವಿದೇಶದ ಫೋನು ಎಂದರೆ ನನಗೆ ಗೋಡೆ ಗಡಿಯಾರದ ಮುಳ್ಳೇ ಕಾಣುತ್ತಿತ್ತು. ಮೂರು ನಿಮಿಷ ದಾಟಬಾರದು ಎಂಬುದು ನನ್ನ ನಿಯಮ. ಅವನೇ ಕರೆ ಮಾಡಿದಾಗಲೂ, ಅವನದೇ ದುಡ್ಡು ಉರಿಯುವಾಗಲೂ, ಮೂರೇ ನಿಮಿಷ.

"ಅವತ್ತು ರಾತ್ರಿ ನಂಗೆ ಏನೂ ಮಾಡಕ್ಕೆ ತೋಚ್ಲಿಲ್ಲ ಅಪ್ಪ" ಎಂದ. "ಹೊರಗೆ ಹಿಮ. ಆ ಮೂವರೂ ಏನೂ ಮಾತಾಡ್ಲಿಲ್ಲ. ಒಬ್ಬ ಟೀ ಮಾಡಿಕೊಟ್ಟ. ಇನ್ನೊಬ್ಬ ಸುಮ್ನೆ ಕಂಟ್ರೋಲರ್ ಕೈಗೆ ಕೊಟ್ಟ. ನಾವು ಆಗ ಇದೇ ಲೈಬ್ರರೀಲಿ ಇದ್ವಿ. ಇಬ್ರು ಆಡೋದು, ಇಬ್ರು ಕಾಯೋದು. ಅವರು ಮೂವರು ಸರದಿ ಮೇಲೆ ಬದಲಾಗ್ತಾ ಇದ್ರು, ನನ್ನ ಕೈಯಿಂದ ಮಾತ್ರ ಯಾರೂ ಕಂಟ್ರೋಲರ್ ಕೇಳ್ಲಿಲ್ಲ. ಬೆಳಗಿನ ತನಕ. ಆ ರಾತ್ರಿ ನಂಗೆ ಮುಗೀದೇ ಇರೋ ಒಂದು ಓಣಿನೇ ಬೇಕಾಗಿತ್ತು."

ನಾನು ಏನು ಹೇಳಲಿ? 'ತೆಗೆದುಹಾಕಿದ್ದರೂ ಯಾರಿಗೂ ನಷ್ಟವಿರಲಿಲ್ಲ' ಎಂದು ಬರೆದವನು ನಾನೇ.

ರೂಮಿಗೆ ಬಂದು ನೋಟ್‌ಬುಕ್ ತೆಗೆದೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಅಂಕ ತಿದ್ದಲಿಲ್ಲ. ಲೈಬ್ರರಿ ಬೇಸರದ್ದೇ, ಕೊನೆಯ ಮೂರು ಘಟ್ಟ ಹಳೆಯ ಜಾಗಗಳೇ. ಮಗನ ದುಃಖ ಕೇಳಿ ಆಟದ ಕೋಣೆಗಳು ಹೊಸತಾಗುವುದಿಲ್ಲ. ಹೇಲೋಗೆ 79 ಅಂಕವೇ ಸರಿ. ಆದರೆ ಕಳೆದುಹೋಗಿದ್ದ 18 ಅಂಕ ನನಗೆ ಸಿಕ್ಕಿತ್ತು. ಬ್ಯಾಂಕಿನಲ್ಲಿ ಇಂಥ ತಪ್ಪು ಆಗುತ್ತಿತ್ತು. ಒಬ್ಬರು ಕಟ್ಟಿದ ಹಣವನ್ನು ಗುಮಾಸ್ತ ಅವಸರದಲ್ಲಿ ಇನ್ನೊಬ್ಬರ ಖಾತೆಗೆ ಜಮಾ ಮಾಡುವುದು. ಹಣ ಖೋಟಾ ಅಲ್ಲ, ಖಾತೆ ತಪ್ಪು, ಅಷ್ಟೆ. 2001ರ ಆಚೀಚೆ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತು ಈ ಆಟ ಆಡಿದ ಎಷ್ಟೋ ಊರಿನ ಹುಡುಗರು, ಪಕ್ಕದಲ್ಲಿ ಕೂತವರಿಗೆ ಸಲ್ಲಬೇಕಾದ್ದನ್ನು ಆಟದ ಹೆಸರಿಗೆ ಬರೆದುಬಿಟ್ಟಿದ್ದಾರೆ ಎಂದು ನನಗೆ ತೋರುತ್ತದೆ. ಪ್ರಭಾವಳಿ ಮೊಳದುದ್ದ ಆದದ್ದು ಹೀಗೆ.

ತಪ್ಪು ನಮೂದನ್ನು ಅಳಿಸುವ ಹಾಗಿಲ್ಲ, ಕೆಳಗೆ ಸರಿಪಡಿಸುವ ಎಂಟ್ರಿ ಬರೆಯಬೇಕು. ಬರೆದೆ. 'ಹೇಲೋ ಖಾತೆಗೆ ಡೆಬಿಟ್ 18. ಮೂವರು ಸ್ನೇಹಿತರ ಖಾತೆಗೆ ಕ್ರೆಡಿಟ್ 18.' ನನ್ನ ಖಾತೆಯ ಎದುರು ಆ ಮೂರು ನಿಮಿಷವನ್ನೂ ಬರೆದುಕೊಂಡೆ. ಅದಕ್ಕೆ ಎದುರು ಎಂಟ್ರಿ ಯಾವುದೆಂದು ಗೊತ್ತಾಗದೆ ಸಸ್ಪೆನ್ಸ್ ಖಾತೆಯಲ್ಲಿ ಇಟ್ಟೆ. ಲೆಕ್ಕ ತಾಳೆಯಾಗದ್ದನ್ನು, ವಿವರ ಸಿಗುವವರೆಗೆ, ನಾವು ಅಲ್ಲೇ ಇಡುತ್ತಿದ್ದೆವು.

ಮತ್ತೆ ಹಾಲಿಗೆ ಬಂದು ಇನ್ನೊಂದು ಕಂಟ್ರೋಲರ್ ತೆಗೆದುಕೊಂಡೆ. ಮಗ ನನ್ನನ್ನು ನೋಡಿದ. ಆಟವನ್ನು ಇಬ್ಬರದಾಗಿ ಮಾಡಿ ಲೈಬ್ರರಿಯನ್ನು ಮೊದಲಿಂದ ಶುರು ಮಾಡಿದ. ಅವನ ಮಟ್ಟಕ್ಕೆ ನಾನು ಎಲ್ಲಿ ಸಾಟಿ? ಎರಡು ನಿಮಿಷಕ್ಕೊಮ್ಮೆ ಸಾಯುತ್ತಿದ್ದೆ. ಅವನು ಮೂಲೆ ಹುಡುಕಿ ನಿಲ್ಲುತ್ತಿದ್ದ, ನಾನು ಪಕ್ಕದಲ್ಲಿ ಏಳುತ್ತಿದ್ದೆ.

"ಬೋರ್ ಆಗ್ತಿದ್ಯಾ ಅಪ್ಪ?" ಎಂದು ಕೇಳಿದ ಎರಡನೇ ಮಹಡಿಯಲ್ಲಿ.

"ಹೌದು ಮಾರಾಯ, ಬಹಳ" ಎಂದೆ. "ಇನ್ನೆಷ್ಟಿದೆ?"

"ಇದೆ ಇನ್ನೂ" ಎಂದು ನಕ್ಕ.

ಗೌರಿ ಹಬ್ಬಕ್ಕೆ ಮುಂಚೆ ನಾವು ಸಾಗರಕ್ಕೆ ವಾಪಸಾದೆವು. ಪ್ರಭಾವಳಿಯನ್ನು ಈ ಸಲ ನಾನೇ ಹುಣಸೆಹಣ್ಣು ಹಾಕಿ ತಿಕ್ಕಿದೆ. ಕಳೆದ ಭಾನುವಾರ ಮಗ ಫೋನ್ ಮಾಡಿದ. ಅಜ್ಜಿ ಕೊನೆಯ ದಿನಗಳಲ್ಲಿ ಏನೇನು ಮಾತಾಡಿದಳು, ಅವನನ್ನು ಕೇಳಿದಳೇ, ಯಾರ್ಯಾರು ಬಂದಿದ್ದರು ಎಂದು ಕೇಳಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನೆನಪಿದ್ದದ್ದನ್ನೆಲ್ಲ ಹೇಳಿದೆ. ನಡುವೆ ಪುಟ್ಟಿ ಫೋನ್ ಕಸಿದುಕೊಂಡು, ಹೇಲೋ ಎರಡನೇ ಭಾಗವೂ ಇದೆಯಂತೆ, ಆ ಕಥೆ ಯಾವಾಗ ಹೇಳ್ತೀಯಾ ಎಂದು ಕೇಳಿದಳು.

ನಾನು ಗಡಿಯಾರ ನೋಡಲಿಲ್ಲ. ನನ್ನಾಕೆ ನೋಡಿದಳಂತೆ. ನಲವತ್ತು ನಿಮಿಷ.